ಮೆಕ್ಕೆಜೋಳದ ಲೆಕ್ಕಕ್ಕೆ ಬ್ಯಾಕೆಂಡ್ ಹುಡುಕಿದ ಅನುಭವ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಒಂದು ದಲ್ಲಾಳಿ ಅಂಗಡಿಗೆ ಮೊಬೈಲ್ ಆ್ಯಪ್ ಮಾಡಿಕೊಡುವ ಕೆಲಸ ಈಗಷ್ಟೇ ಮುಗಿದಿದೆ. ಆ್ಯಪ್‌ನ ಪರದೆಗಳನ್ನು ಬರೆದದ್ದು ಸುಲಭದ ಭಾಗ. ಅವುಗಳ ಹಿಂದೆ ನಿಂತು ಲೆಕ್ಕ ಹಿಡಿಯುವ ಬ್ಯಾಕೆಂಡ್ ಯಾವುದಾಗಬೇಕು ಎಂಬ ಪ್ರಶ್ನೆ ಮಾತ್ರ ಮುಂಗಾರಿನ ಬಿತ್ತನೆಯ ಹೊತ್ತಿಗೆ ಶುರುವಾಗಿ ಜೋಳ ತೆನೆಗಟ್ಟುವವರೆಗೂ ಕಾಡಿತು. ಓಪನ್ ಸೋರ್ಸ್, ಅಂದರೆ ಮೂಲ ಕೋಡ್ ಎಲ್ಲರಿಗೂ ತೆರೆದಿರುವ, ಬ್ಯಾಕೆಂಡ್‌ಗಳನ್ನು ಹೋಲಿಸುವ ಬರಹಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಆದರೆ ಕನ್ನಡದ ಹೆಸರನ್ನು ಹುಡುಕಿದರೆ ಏನಾಗುತ್ತದೆ, ನಮ್ಮ ಬ್ಯಾಂಕಿನ ಕಾರ್ಡಿನಿಂದ ಡಾಲರ್ ಕಟ್ಟುವುದು ಹೇಗೆ, ರೈತರ ಫೋನಿಗೆ ಓಟಿಪಿ ಕಳುಹಿಸಲು ಯಾವ ಯಾವ ಕಾಗದ ಬೇಕು ಎಂಬ ಮಾತು ಅವುಗಳಲ್ಲಿ ನನಗೆ ಸಿಗಲಿಲ್ಲ. ಚಿತ್ರದುರ್ಗ, ಹಾವೇರಿ, ಶಿವಮೊಗ್ಗದ ಕಡೆ ಒಬ್ಬರೇ ಕೂತು ಇಂಥ ಕೆಲಸ ಮಾಡುವವರಿಗೆ ನೆರವಾಗಲಿ ಎಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಅಂಗಡಿಯ ವ್ಯವಹಾರ ಹೀಗಿದೆ. ಟ್ರ್ಯಾಕ್ಟರ್‌ನಲ್ಲಿ ಜೋಳ ಬರುತ್ತದೆ, ತೇವಾಂಶ ನೋಡುತ್ತಾರೆ, ತೂಕವಾಗುತ್ತದೆ, ದರ ಕೂಡುತ್ತದೆ, ಹಮಾಲಿ ಮತ್ತು ಮುಂಗಡ ಕಳೆದು ಉಳಿದ ಹಣ ರೈತರಿಗೆ ಸೇರುತ್ತದೆ. ಈ ಚೀಟಿಯನ್ನು ಗುಮಾಸ್ತರು ಫೋನಿನಲ್ಲಿ ಬರೆಯಬೇಕು, ರೈತರು ತಮ್ಮ ಫೋನಿನಲ್ಲಿ ನೋಡಬೇಕು. ಬೇಡಿಕೆ ಇಷ್ಟೇ. ಆದರೆ ಅಂಗಡಿಯ ಸಾಹುಕಾರರು ಮೊದಲ ಮಾತುಕತೆಯಲ್ಲೇ ಒಂದು ಷರತ್ತು ಹಾಕಿದರು: “ತಮ್ಮಾ, ಲೆಕ್ಕ ಮೊಬೈಲಿನಲ್ಲಿರಲಿ, ನನಗೇನೂ ಅಡ್ಡಿಯಿಲ್ಲ. ಆದರೆ ನಾಳೆ ನೀನು ಊರು ಬಿಟ್ಟರೂ ಆ ಕಂಪನಿಯವರು ಬಾಗಿಲು ಹಾಕಿದರೂ ನನ್ನ ಖಾತೆ ಪುಸ್ತಕ ನನಗೆ ಸಿಗಬೇಕು. ಅದಕ್ಕೆ ದಾರಿ ಇದ್ದರೆ ಮುಂದಿನ ಮಾತು.”

ಕಂಪ್ಯೂಟರ್ ಓದದವರ ಅಂಜಿಕೆ ಎಂದು ಈ ಮಾತನ್ನು ತಳ್ಳಿಹಾಕುವಂತಿಲ್ಲ. ಪಾರ್ಸ್ ಎಂಬ ಬ್ಯಾಕೆಂಡ್ ಸೇವೆ 2011ರಲ್ಲಿ ಹುಟ್ಟಿತು. 2013ರಲ್ಲಿ ಅದನ್ನು ಫೇಸ್‌ಬುಕ್ ಕೊಂಡಿತು. 2016ರ ಜನವರಿಯಲ್ಲಿ ಮುಚ್ಚುವ ಸುದ್ದಿ ಬಂತು, 2017ರ ಜನವರಿಯಲ್ಲಿ ಸೇವೆ ನಿಂತೇಹೋಯಿತು. ಮುಚ್ಚುವ ಮುನ್ನ ಅದರ ಸರ್ವರ್ ತಂತ್ರಾಂಶವನ್ನು ಓಪನ್ ಸೋರ್ಸ್ ಮಾಡಿದ್ದರಿಂದ ಅದನ್ನು ನಂಬಿದವರು ತಮ್ಮ ಆ್ಯಪ್‌ಗಳನ್ನು ಬೇರೆಡೆಗೆ ಸಾಗಿಸಿ ಉಳಿಸಿಕೊಳ್ಳಲು ಸಾಧ್ಯವಾಯಿತು. ಫೋನಿನ ಮತ್ತು ಸರ್ವರಿನ ದತ್ತಾಂಶವನ್ನು ಹೊಂದಿಸುತ್ತಿದ್ದ ಮೊಂಗೋಡಿಬಿ ಕಂಪನಿಯ ಅಟ್ಲಾಸ್ ಡಿವೈಸ್ ಸಿಂಕ್ ಕೂಡ ಹೀಗೆಯೇ 2024ರ ಸೆಪ್ಟೆಂಬರ್‌ನಲ್ಲಿ ಮುಚ್ಚುವ ಘೋಷಣೆಯಾಗಿ 2025ರ ಸೆಪ್ಟೆಂಬರ್ ಕೊನೆಗೆ ಮುಗಿಯಿತು. ದೊಡ್ಡ ಹೆಸರು ಎಂಬ ಕಾರಣಕ್ಕೆ ಯಾವ ಸೇವೆಯೂ ಶಾಶ್ವತವಲ್ಲ. ಹಾಗಾಗಿ ಒಂದು ನಿರ್ಧಾರಕ್ಕೆ ಬಂದೆ: ಸವಲತ್ತುಗಳ ಪಟ್ಟಿ ನೋಡಿ ಆರಿಸುವುದಿಲ್ಲ. ಪ್ರತಿಯೊಂದರಲ್ಲೂ ಅಂಗಡಿಯ ಹೋದ ವರ್ಷದ ಲೆಕ್ಕ ತುಂಬಿ, ಆಮೇಲೆ ಆ ಸರ್ವರ್ ಇಲ್ಲವೇ ಇಲ್ಲ ಎಂದುಕೊಂಡು, ಬ್ಯಾಕಪ್ ಒಂದನ್ನೇ ಹಿಡಿದು ಅಂಗಡಿಯ ಹಳೆಯ ಕಂಪ್ಯೂಟರ್‌ನಲ್ಲಿ ಲೆಕ್ಕವನ್ನು ಮತ್ತೆ ಎಬ್ಬಿಸಿ ನೋಡುತ್ತೇನೆ. ಯಾವುದು ಎದ್ದು ನಿಲ್ಲುತ್ತದೋ ಅದರ ಬಗ್ಗೆ ಮಾತ್ರ ಮುಂದಿನ ಯೋಚನೆ.

ಗೂಗಲ್‌ನ ಫೈರ್‌ಬೇಸ್ ಈ ಕಾರಣಕ್ಕೇ ಹೊರಗುಳಿಯಿತು. ಅದರ ಸರ್ವರ್ ತಂತ್ರಾಂಶ ಓಪನ್ ಸೋರ್ಸ್ ಅಲ್ಲ, ನಮ್ಮ ಯಂತ್ರದಲ್ಲಿ ಅದನ್ನು ನಿಜವಾದ ಕೆಲಸಕ್ಕೆ ಓಡಿಸಲಾಗದು. ಆದರೂ ಅದರಲ್ಲಿರುವ ಒಂದು ಗುಣವನ್ನು ಕಡೆಗಣಿಸುವಂತಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಸುತ್ತು

ಪಾರ್ಸ್ ಸರ್ವರ್ ಇಂದಿಗೂ ಬದುಕಿದೆ, ಅದನ್ನು ನೋಡಿಕೊಳ್ಳುವ ಬಳಗವಿದೆ. ಆದರೆ ಹೊಸದಾಗಿ ಶುರುಮಾಡುವವರಿಗೆ ಅದೇ ಬೇಕೆನ್ನುವ ಕಾರಣ ಕಾಣಲಿಲ್ಲ. ಎನ್‌ಹೋಸ್ಟ್ ಚೆನ್ನಾಗಿದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಮೇಲೆ ಹಸೂರ ಎಂಬ ತಂತ್ರಾಂಶ ಕೂತಿರುವ ವ್ಯವಸ್ಥೆ ಅದು, ಹಸೂರದ ಬೇರು ಬೆಂಗಳೂರಿನಲ್ಲಿದೆ ಎಂಬ ಅಭಿಮಾನವೂ ನನಗಿದೆ. ಅದರಲ್ಲಿ ದತ್ತಾಂಶ ಕೇಳುವ ಭಾಷೆಯಾದ ಗ್ರಾಫ್‌ಕ್ಯೂಎಲ್ ಚೆನ್ನಾಗಿ ಬಲ್ಲ ತಂಡಕ್ಕೆ ಅದು ಹೊಂದುತ್ತದೆ, ಒಬ್ಬನೇ ಕೂತು ಮಾಡುವ ನನಗೆ ಹೊಂದಲಿಲ್ಲ. ಡೈರೆಕ್ಟಸ್ 2023ರಲ್ಲಿ ಪರವಾನಗಿಯನ್ನು ಬಿಎಸ್‌ಎಲ್‌ಗೆ, ಅಂದರೆ ಕೋಡ್ ತೋರಿಸಿದರೂ ಬಳಕೆಗೆ ಷರತ್ತು ಹಾಕುವ ಪರವಾನಗಿಗೆ, ಬದಲಿಸಿಕೊಂಡಿತು. ನಮ್ಮಂಥ ಸಣ್ಣ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ, ಆದರೂ ಪರವಾನಗಿಯ ಕಡತವನ್ನು ಓದದೆ ಯಾವುದನ್ನೂ ಓಪನ್ ಸೋರ್ಸ್ ಎಂದು ಗಿರಾಕಿಗೆ ಹೇಳಬೇಡಿ. ಕೊನೆಗೆ ಪಾಕೆಟ್‌ಬೇಸ್, ಆ್ಯಪ್‌ರೈಟ್, ಸುಪಾಬೇಸ್ ಮೂರು ಉಳಿದವು.

ಪಾಕೆಟ್‌ಬೇಸ್ ನನ್ನ ಮನಸ್ಸನ್ನು ಮೊದಲು ಗೆದ್ದಿತು. 2022ರಲ್ಲಿ ಹೊರಬಂದ ಇದು ಗೋ ಭಾಷೆಯಲ್ಲಿ ಬರೆದದ್ದು, ಎಂಐಟಿ ಎಂಬ ಓಪನ್ ಸೋರ್ಸ್ ಪರವಾನಗಿಯದು. ಇಡೀ ಬ್ಯಾಕೆಂಡ್ ಒಂದೇ ಒಂದು ಕಡತ. ಇಳಿಸಿಕೊಂಡು ಓಡಿಸಿದರೆ 8090ನೇ ಪೋರ್ಟಿನಲ್ಲಿ ಲಾಗಿನ್, ಟೇಬಲ್, ಕಡತ ಸಂಗ್ರಹ, ಆಡಳಿತದ ಪುಟ ಎಲ್ಲವೂ ಸಿದ್ಧ. ದತ್ತಾಂಶವೆಲ್ಲ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿದ್ದು ಒಂದೇ ಫೋಲ್ಡರಿನಲ್ಲಿ ಕೂರುತ್ತದೆ. ಒಂದು ಜಿಬಿ ಮೆಮೊರಿಯ ಅಗ್ಗದ ಬಾಡಿಗೆ ಸರ್ವರ್ ಸಾಕಾಯಿತು, ತಿಂಗಳಿಗೆ ಐನೂರು ರೂಪಾಯಿಯ ಆಸುಪಾಸು. ನನ್ನ ಪರೀಕ್ಷೆಯಲ್ಲಿ ಅದು ತೋರಿದ ಪರಿ ಕಂಡು ಖುಷಿಯಾಯಿತು: ಬ್ಯಾಕಪ್ ತೆಗೆದು, ಆ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಅಂಗಡಿಗೆ ಒಯ್ದು, ಹಳೆಯ ಕಂಪ್ಯೂಟರ್‌ಗೆ ಹಾಕಿ ಓಡಿಸಿದೆ. ಗುಮಾಸ್ತರು ಚಹಾ ತರಿಸುವಷ್ಟರಲ್ಲಿ ಹೋದ ವರ್ಷದ ಚೀಟಿಗಳೆಲ್ಲ ಪರದೆಯ ಮೇಲಿದ್ದವು.

ಇದನ್ನು ಬಳಸುವವರಿಗೆ ಎರಡು ಸೂಚನೆ. ಟೇಬಲ್ಲಿನ ನಿಯಮದ ಜಾಗ ಖಾಲಿ ಇದ್ದರೆ ಯಾರು ಬೇಕಾದರೂ ಓದಬಹುದು ಎಂದರ್ಥ. ಬೀಗ ಹಾಕಿದ ಸ್ಥಿತಿಯಲ್ಲಿದ್ದರೆ ಮಾತ್ರ ಆಡಳಿತಗಾರರಿಗಷ್ಟೇ ಪ್ರವೇಶ. ಖಾಲಿ ಎಂದರೆ ಭದ್ರ ಎಂದು ಭಾವಿಸಿದರೆ ರೈತರ ಖಾತೆಗಳು ಊರಿಗೆಲ್ಲ ತೆರೆದಿರುತ್ತವೆ. ಎರಡನೆಯದು, ಪಾಕೆಟ್‌ಬೇಸ್ ಇನ್ನೂ 1.0 ಆವೃತ್ತಿ ಮುಟ್ಟಿಲ್ಲ. ಅಲ್ಲಿಯವರೆಗೆ ಹಳೆಯದಕ್ಕೂ ಹೊಸದಕ್ಕೂ ಪೂರ್ತಿ ಹೊಂದಾಣಿಕೆಯ ಭರವಸೆಯಿಲ್ಲ ಎಂದು ಅದರ ದಾಖಲೆಗಳೇ ನೇರವಾಗಿ ಹೇಳುತ್ತವೆ. 2024ರ ಕೊನೆಯಲ್ಲಿ ಬಂದ 0.23ರಲ್ಲಿ ಒಳಗಿನ ರಚನೆಯೇ ಬಹಳಷ್ಟು ಬದಲಾಯಿತು. ಒಂದು ಆವೃತ್ತಿಯನ್ನು ಹಿಡಿದು, ಅದರ ಕಡತವನ್ನೂ ಬ್ಯಾಕಪ್ ಜೊತೆಗೇ ಇಟ್ಟುಕೊಳ್ಳುವುದು ಕ್ಷೇಮ.

ಆ್ಯಪ್‌ರೈಟ್ 2019ರಿಂದ ಓಪನ್ ಸೋರ್ಸ್ ಆಗಿ ಬೆಳೆದು ಬಂದಿದೆ, ಬಿಎಸ್‌ಡಿ ಪರವಾನಗಿಯದು. ತಂತ್ರಾಂಶಗಳನ್ನು ಕಂಟೈನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಇದ್ದರೆ ಒಂದೇ ಆದೇಶದಲ್ಲಿ ಸ್ಥಾಪನೆಯಾಗುತ್ತದೆ. ಒಳಗೆ ಮಾರಿಯಾಡಿಬಿ, ರೆಡಿಸ್ ಮತ್ತು ಹಲವು ಕಂಟೈನರ್‌ಗಳು ಒಟ್ಟಿಗೆ ಓಡುತ್ತವೆ. ಆಡಳಿತದ ಪುಟ ಬಹಳ ಅಚ್ಚುಕಟ್ಟು, ಆ್ಯಪ್ ಬರೆಯುವ ಫ್ಲಟರ್ ಸಾಧನಕ್ಕೆ ಒಳ್ಳೆಯ ಬೆಂಬಲವಿದೆ. ಆದರೆ ನನ್ನ ಕೆಲಸದ ಜೀವಾಳ ಕೂಡುವುದು, ಕಳೆಯುವುದು. ಇವತ್ತು ಎಷ್ಟು ಕ್ವಿಂಟಲ್ ಬಂತು, ಯಾರಿಗೆ ಎಷ್ಟು ಬಾಕಿ ಎಂಬ ಮೊತ್ತವನ್ನು ಡೇಟಾಬೇಸ್‌ನಲ್ಲೇ ತೆಗೆಯುವ ನೇರ ದಾರಿ ನಾನು ನೋಡಿದ ಆವೃತ್ತಿಯಲ್ಲಿ ಇರಲಿಲ್ಲ. ಸಾಲುಗಳನ್ನೆಲ್ಲ ತರಿಸಿ ಆ್ಯಪ್‌ನಲ್ಲೋ ಫಂಕ್ಷನ್‌ನಲ್ಲೋ ಕೂಡಬೇಕು. ಮರುಸ್ಥಾಪನೆಗೆ ಡೇಟಾಬೇಸಿನ ಪ್ರತಿ ಒಂದೇ ಸಾಲದು. ಕಡತಗಳು ಕೂತಿರುವ ಡಾಕರ್‌ನ ವಾಲ್ಯೂಮ್‌ಗಳು ಬೇಕು, ಹೊಂದಿಕೆಗಳನ್ನು ಬರೆದಿಡುವ ಪರಿಸರ (.env) ಕಡತದಲ್ಲಿರುವ ಗೂಢಲಿಪಿಯ ಕೀಲಿಯೂ ಬೇಕು. ಆ ಕೀಲಿ ಕಳೆದರೆ ಅದರಿಂದ ಮುಚ್ಚಿಟ್ಟ ದತ್ತಾಂಶವನ್ನು ಮತ್ತೆ ತೆರೆಯಲಾಗದು. ಎಲ್ಲವನ್ನೂ ಜೋಡಿಸಿಕೊಂಡಾಗ ಅಂಗಡಿಯ ಲೆಕ್ಕ ಮತ್ತೆ ಎದ್ದು ನಿಂತಿತು. ಆದರೆ ನಾನಿಲ್ಲದಾಗ ಇನ್ನೊಬ್ಬರು ಬಂದು ಇದನ್ನೆಲ್ಲ ಮಾಡಿಯಾರೇ ಎಂಬ ಪ್ರಶ್ನೆಗೆ ಧೈರ್ಯದ ಉತ್ತರ ಸಿಗಲಿಲ್ಲ.

ಸುಪಾಬೇಸ್ ಮತ್ತು ಅದರೊಳಗಿನ ಪೋಸ್ಟ್‌ಗ್ರೆಸ್

ಸುಪಾಬೇಸ್ 2020ರಲ್ಲಿ ಶುರುವಾದದ್ದು, ಅಪಾಚೆ 2.0 ಪರವಾನಗಿಯದು. ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ನಡುವೆ ಇಟ್ಟು ಲಾಗಿನ್, ಕಡತ, ಆ್ಯಪ್ ಡೇಟಾಬೇಸ್ ಜೊತೆ ಮಾತಾಡುವ ದಾರಿಯಾದ ಎಪಿಐ ಎಲ್ಲವನ್ನೂ ಸುತ್ತ ಜೋಡಿಸಿದ್ದಾರೆ. ಲೆಕ್ಕ ಬರೆಯುವವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಚೀಟಿ ಬರೆಯುವುದು, ಮುಂಗಡ ಕಳೆಯುವುದು, ಬಾಕಿ ತಿದ್ದುವುದು ಈ ಮೂರೂ ಒಟ್ಟಿಗೆ ಆಗಬೇಕು, ಇಲ್ಲವೇ ಯಾವುದೂ ಆಗಬಾರದು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಫಂಕ್ಷನ್ ಬರೆದು ಇಟ್ಟರೆ ನಡುವೆ ಏನೇ ಕೆಟ್ಟರೂ ಅರ್ಧ ಲೆಕ್ಕ ಉಳಿಯುವುದಿಲ್ಲ.

ಅದರ ಉಚಿತ ಯೋಜನೆ 500 ಎಂಬಿ ಡೇಟಾಬೇಸ್ ಕೊಡುತ್ತದೆ. ಒಂದು ವಾರ ಯಾರೂ ಮುಟ್ಟದಿದ್ದರೆ ನಮ್ಮ ಪ್ರಾಜೆಕ್ಟ್ ತಾತ್ಕಾಲಿಕವಾಗಿ ನಿಲ್ಲುತ್ತದೆ, ತಾನಾಗಿ ಆಗುವ ಬ್ಯಾಕಪ್ ಕೂಡ ಇರುವುದಿಲ್ಲ. ಕಲಿಯಲು ಸಾಕು, ಅಂಗಡಿ ನಡೆಸಲು ಸಾಲದು. ಹೊಸ ಪ್ರಾಜೆಕ್ಟ್ ತೆರೆಯುವಾಗಲೇ ಪ್ರದೇಶದ ಪಟ್ಟಿಯಲ್ಲಿ ಮುಂಬೈ ಆರಿಸಿ. ಆಮೇಲೆ ಅದನ್ನು ಬದಲಿಸಲು ಹೊಸ ಪ್ರಾಜೆಕ್ಟನ್ನೇ ತೆರೆದು ದತ್ತಾಂಶ ಸಾಗಿಸಬೇಕಾಗುತ್ತದೆ.

ಇಲ್ಲಿ ಭದ್ರತೆಯ ಕಾವಲು ಎಂದರೆ ಸಾಲು ಮಟ್ಟದ ನಿಯಮಗಳು, ಅಂದರೆ ಟೇಬಲ್ಲಿನ ಯಾವ ಸಾಲನ್ನು ಯಾರು ನೋಡಬಹುದು ಎಂಬ ನಿಯಮಗಳು. ಆ್ಯಪ್‌ನೊಳಗೆ ಇರುವ ಸಾರ್ವಜನಿಕ ಕೀಲಿಯನ್ನು ಯಾರು ಬೇಕಾದರೂ ತೆಗೆದು ನೋಡಬಹುದು, ಅದು ಹಾಗೆಯೇ ಇರಬೇಕಾದದ್ದು. ಒಬ್ಬ ರೈತನ ಚೀಟಿ ಇನ್ನೊಬ್ಬನಿಗೆ ಕಾಣದಂತೆ ತಡೆಯುವುದು ಈ ನಿಯಮಗಳೇ. ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್ ಬರೆದು ಟೇಬಲ್ ಮಾಡುವವರು ಅದನ್ನು ತಾವೇ ಚಾಲೂ ಮಾಡಬೇಕು. ನಾನು ಪ್ರತಿ ಟೇಬಲ್‌ಗೂ ನಿಯಮ ಬರೆದು, ಬೇರೆ ರೈತನ ಲಾಗಿನ್‌ನಿಂದ ಓದಲು ಹೊರಟು, ಖಾಲಿ ಉತ್ತರ ಬಂದ ಮೇಲೆಯೇ ಮುಂದಿನ ಟೇಬಲ್‌ಗೆ ಹೋದೆ. ಸರ್ವಿಸ್ ರೋಲ್ ಎಂಬ ಇನ್ನೊಂದು ಕೀಲಿ ಈ ನಿಯಮಗಳನ್ನೆಲ್ಲ ದಾಟಿ ಹೋಗುತ್ತದೆ. ಅದು ಎಂದೂ ಆ್ಯಪ್ ಒಳಗೆ ಸೇರಬಾರದು.

ಬ್ಯಾಕಪ್ ಪರೀಕ್ಷೆಯಲ್ಲಿ ಇದು ಬಹಳ ಸತಾಯಿಸಿತು. ಪೋಸ್ಟ್‌ಗ್ರೆಸ್‌ನ ಪಿಜಿಡಂಪ್ ಸಾಧನದಿಂದ ಇಡೀ ಡೇಟಾಬೇಸ್ ಇಳಿಸಿಕೊಳ್ಳಬಹುದು ಎಂದು ಓದಿದ್ದೆ. ಮನೆಯ ಬ್ರಾಡ್‌ಬ್ಯಾಂಡ್‌ನಿಂದ ಸಂಪರ್ಕವೇ ಸಿಗಲಿಲ್ಲ, ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೆ ಸಿಕ್ಕಿತು. ಒಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡ ಮೇಲೆ ಗುಟ್ಟು ತಿಳಿಯಿತು: 2024ರಿಂದ ಅದರ ನೇರ ಡೇಟಾಬೇಸ್ ವಿಳಾಸ ಸಾಮಾನ್ಯವಾಗಿ ಐಪಿವಿ6 ಎಂಬ ಹೊಸ ಬಗೆಯ ಅಂತರ್ಜಾಲ ವಿಳಾಸದಲ್ಲಿ ಮಾತ್ರ ಸಿಗುತ್ತದೆ, ನನ್ನ ಬ್ರಾಡ್‌ಬ್ಯಾಂಡ್ ಸಾಲಿನಲ್ಲಿ ಐಪಿವಿ6 ಇಲ್ಲ. ನೇರ ವಿಳಾಸದ ಬದಲು ಸೆಷನ್ ಪೂಲರ್ ಎಂಬ ವಿಳಾಸ ಬಳಸಿದರೆ ಹಳೆಯ ಐಪಿವಿ4 ಸಾಲಿನಲ್ಲೂ ಕೆಲಸವಾಗುತ್ತದೆ. ನಮ್ಮೂರುಗಳಲ್ಲಿ ಈ ತೊಡಕು ಹಲವರಿಗೆ ಎದುರಾಗುವುದು ಖಂಡಿತ.

ಇಳಿಸಿದ ಡೇಟಾಬೇಸನ್ನು ಅಂಗಡಿಯ ಕಂಪ್ಯೂಟರ್‌ನಲ್ಲಿ ಉಬುಂಟು ಮತ್ತು ಬರಿಯ ಪೋಸ್ಟ್‌ಗ್ರೆಸ್ ಹಾಕಿ ಏರಿಸಿದಾಗ ದೋಷಗಳ ಸಾಲೇ ಬಂತು. ಸುಪಾಬೇಸ್ ತನ್ನದೇ ಆದ ಕೆಲವು ಪಾತ್ರಗಳನ್ನು, ಅಂದರೆ ಅನಾಮಿಕ ಬಳಕೆದಾರ, ಲಾಗಿನ್ ಆದ ಬಳಕೆದಾರ ಮುಂತಾದವನ್ನು, ಮೊದಲೇ ಮಾಡಿಟ್ಟಿರುತ್ತದೆ. ಬರಿಯ ಪೋಸ್ಟ್‌ಗ್ರೆಸ್‌ನಲ್ಲಿ ಅವು ಇರುವುದಿಲ್ಲ. ಆ ಹೆಸರುಗಳ ಪಾತ್ರಗಳನ್ನು ಮೊದಲೇ ಸೃಷ್ಟಿಸಿ ಮತ್ತೆ ಏರಿಸಿದೆ. ಅಂಗಡಿಯ ಅಷ್ಟೂ ಟೇಬಲ್‌ಗಳು ಒಂದು ರೂಪಾಯಿಯ ವ್ಯತ್ಯಾಸವಿಲ್ಲದೆ ಕೂಡಿಬಂದವು. ಆ್ಯಪ್ ಅದರ ಮೇಲೆ ಓಡದು, ಏಕೆಂದರೆ ಎಪಿಐ ಅಲ್ಲಿಲ್ಲ. ಆದರೆ ಖಾತೆ ಪುಸ್ತಕ ಓದಬಹುದು, ಬಾಕಿ ತೆಗೆಯಬಹುದು. ಆ್ಯಪ್ ಕೂಡ ಓಡಬೇಕೆಂದರೆ ಸುಪಾಬೇಸನ್ನೇ ಡಾಕರ್‌ನಲ್ಲಿ ಸ್ವಂತವಾಗಿ ನಡೆಸಬೇಕು. ಅದನ್ನೂ ಮಾಡಿ ನೋಡಿದೆ. ಹತ್ತಾರು ಕಂಟೈನರ್‌ಗಳು, ಕನಿಷ್ಠ ನಾಲ್ಕು ಜಿಬಿ ಮೆಮೊರಿಯ ಯಂತ್ರ ಬೇಕು. ಮಾದರಿಯಾಗಿ ಕೊಟ್ಟಿರುವ ಕೀಲಿಗಳು ಜಗತ್ತಿಗೆಲ್ಲ ಗೊತ್ತಿರುವಂಥವು, ಅವನ್ನು ಬದಲಿಸದೆ ಅಂತರ್ಜಾಲಕ್ಕೆ ತೆರೆಯಬಾರದು. ಇನ್ನೊಂದು ಮಾತು: ಡೇಟಾಬೇಸ್ ಬ್ಯಾಕಪ್‌ನಲ್ಲಿ ಚೀಟಿಯ ಫೋಟೊಗಳು ಇರುವುದಿಲ್ಲ, ಅವುಗಳ ಹೆಸರು ಮಾತ್ರ ಇರುತ್ತದೆ. ಫೋಟೊಗಳನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು.

ಕನ್ನಡದ ಹೆಸರು ಹುಡುಕುವುದು

ಮೂರರಲ್ಲೂ ಒಂದೇ ತೊಡಕು ಎದುರಾಯಿತು. ಗುಮಾಸ್ತರು ಹುಡುಕುವ ಜಾಗದಲ್ಲಿ ‘ಬಸವರಾಜ್‌ಗೌಡ’ ಎಂದು ಬರೆದರೆ ಇರುವ ಹೆಸರೇ ಸಿಗುತ್ತಿರಲಿಲ್ಲ. ‘ಜ್’ ಮತ್ತು ‘ಗ’ ಒತ್ತಕ್ಷರವಾಗಿ ಬೆಸೆಯದಂತೆ ತಡೆಯಲು ಕೀಲಿಮಣೆಗಳು ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆಯನ್ನು ಸೇರಿಸುತ್ತವೆ. ಒಂದು ಫೋನ್ ಅದನ್ನು ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಕಂಪ್ಯೂಟರಿನ ಮಟ್ಟಿಗೆ ಅವು ಎರಡು ಬೇರೆ ಬೇರೆ ಪದಗಳು. ‘ಹೊನ್ನಾಳಿ’ಯದು ಇನ್ನೊಂದು ಬಗೆ. ‘ಹೊ’ದಲ್ಲಿರುವ ಸ್ವರ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಹಳೆಯ ಫಾಂಟಿನಲ್ಲಿದ್ದ ಅಂಗಡಿಯ ಪಟ್ಟಿಯನ್ನು ಯೂನಿಕೋಡ್‌ಗೆ ಬದಲಿಸಿದಾಗ ಎರಡೂ ಬಗೆಗಳು ಬೆರೆತುಹೋಗಿದ್ದವು.

ಪರಿಹಾರ ದೊಡ್ಡದಲ್ಲ. ಹೆಸರಿನ ಕಾಲಂ ಜೊತೆಗೆ ಹುಡುಕಲೆಂದೇ ಇನ್ನೊಂದು ಕಾಲಂ ಇಡಿ. ಅದರಲ್ಲಿ ಆ ಕಾಣದ ಚಿಹ್ನೆಯನ್ನು ತೆಗೆದು, ಜೋಡಿ ಸಂಕೇತಗಳನ್ನು ಒಂದಾಗಿಸುವ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತಂದ ಹೆಸರನ್ನು ಉಳಿಸಿ. ಹುಡುಕಲು ಬರೆದ ಪದವನ್ನೂ ಹಾಗೆಯೇ ಶುದ್ಧಮಾಡಿ. ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ ಇದಕ್ಕೆ ನಾರ್ಮಲೈಸ್ ಎಂಬ ಫಂಕ್ಷನ್ ಒಳಗೇ ಇದೆ. ಕನ್ನಡದ ಅಕಾರಾದಿ ಬೇಕಾದರೆ ಐಸಿಯು ಕೊಲೇಶನ್ ಎಂಬ ವಿಂಗಡಣೆಯ ನಿಯಮ ಸಿಗುತ್ತದೆ. ಪಾಕೆಟ್‌ಬೇಸ್ ಬಳಸುವವರು ಈ ಕೆಲಸವನ್ನು ಆ್ಯಪ್‌ನಲ್ಲೇ ಮಾಡಿ ಕಳುಹಿಸಬಹುದು. ಹೆಸರು ಸಿಗದೆ ಒಬ್ಬ ರೈತನಿಗೆ ಎರಡು ಖಾತೆ ತೆರೆದರೆ ಬಾಕಿಯ ಲೆಕ್ಕವೇ ಒಡೆದುಹೋಗುತ್ತದೆ, ಹಾಗಾಗಿ ಮೊದಲ ದಿನವೇ ಇದನ್ನು ಮಾಡಿ.

ಸಮಯದ್ದೂ ಒಂದು ವಿಷಯ ಇದೆ. ಈ ವ್ಯವಸ್ಥೆಗಳೆಲ್ಲ ಸಮಯವನ್ನು ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದಿರುವ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ ಹಿಡಿಯುತ್ತವೆ. ಸುಗ್ಗಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಗಾಡಿಗಳು ಇಳಿಯುತ್ತವೆ. ಐದೂವರೆಗೆ ಮುಂಚಿನ ಚೀಟಿಗಳೆಲ್ಲ ಹಿಂದಿನ ದಿನದ ಮೊತ್ತಕ್ಕೆ ಸೇರುವುದನ್ನು ಪರೀಕ್ಷೆಯಲ್ಲಿ ಕಂಡೆ. ದಿನದ ಮೊತ್ತ ತೆಗೆಯುವ ಪ್ರತಿ ಕಡೆಯೂ ಭಾರತದ ಕಾಲಮಾನವನ್ನು ಸ್ಪಷ್ಟವಾಗಿ ಬರೆಯಬೇಕು.

ಓಟಿಪಿಗಾಗಿ ಕಾಗದಪತ್ರ

ಇಡೀ ಕೆಲಸದಲ್ಲಿ ನನ್ನನ್ನು ಅತಿ ಹೆಚ್ಚು ಕಾಯಿಸಿದ್ದು ಬ್ಯಾಕೆಂಡ್ ಅಲ್ಲ, ಎಸ್‌ಎಂಎಸ್. ರೈತರಿಗೆ ಇಮೇಲ್ ಮತ್ತು ಪಾಸ್‌ವರ್ಡ್ ಕೇಳುವಂತಿಲ್ಲ, ಫೋನ್ ಸಂಖ್ಯೆಯೇ ಅವರ ಗುರುತು. ಸುಪಾಬೇಸ್‌ನಲ್ಲಿ ಫೋನ್ ಲಾಗಿನ್ ಇದೆ, ಪಟ್ಟಿಯಲ್ಲಿಲ್ಲದ ಎಸ್‌ಎಂಎಸ್ ಸೇವೆಯನ್ನು ಹುಕ್ ಮೂಲಕ ಜೋಡಿಸಬಹುದು. ಆ್ಯಪ್‌ರೈಟ್‌ನಲ್ಲಿ ಭಾರತದ ಎಸ್‌ಎಂಎಸ್ ಸೇವೆಯಾದ ಎಂಎಸ್‌ಜಿ91 ನೇರವಾಗಿ ಸಿಗುತ್ತದೆ. ಪಾಕೆಟ್‌ಬೇಸ್‌ನಲ್ಲಿ ಓಟಿಪಿ ಇರುವುದು ಇಮೇಲ್‌ಗೆ ಮಾತ್ರ, ಫೋನಿನದ್ದನ್ನು ನಾವೇ ಬರೆದುಕೊಳ್ಳಬೇಕು. ಎಷ್ಟು ಸಲ ತಪ್ಪು ಸಂಖ್ಯೆ ಹಾಕಬಹುದು, ಎಷ್ಟು ಹೊತ್ತು ಅದು ಚಾಲ್ತಿಯಲ್ಲಿರಬೇಕು ಎಂಬುದನ್ನೆಲ್ಲ ಸ್ವಂತವಾಗಿ ಬರೆದು ಹಣದ ಆ್ಯಪ್‌ಗೆ ಹಾಕಲು ನಾನು ಒಪ್ಪಲಿಲ್ಲ. ಮನಸ್ಸಿಗೆ ಹಿಡಿಸಿದ್ದ ಪಾಕೆಟ್‌ಬೇಸ್ ಈ ಕೆಲಸಕ್ಕೆ ಕೈತಪ್ಪಿದ್ದು ಇಲ್ಲೇ.

ಆದರೆ ಯಾವ ಬ್ಯಾಕೆಂಡ್ ಆದರೂ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿ ಬಿಡುವುದಿಲ್ಲ. ವ್ಯಾಪಾರದ ಎಸ್‌ಎಂಎಸ್ ಕಳುಹಿಸುವ ಪ್ರತಿ ಸಂಸ್ಥೆಯೂ ಟೆಲಿಕಾಂ ಕಂಪನಿಯೊಂದರ ಡಿಎಲ್‌ಟಿ ಎಂಬ ಎಸ್‌ಎಂಎಸ್ ನೋಂದಣಿ ಜಾಲತಾಣದಲ್ಲಿ ಮೂಲ ಸಂಸ್ಥೆಯಾಗಿ ನೋಂದಾಯಿಸಿಕೊಳ್ಳಬೇಕು. ನೋಂದಣಿ ಅಂಗಡಿಯ ಹೆಸರಿನಲ್ಲಿ ಆಗಬೇಕು, ಆ್ಯಪ್ ಬರೆದವರ ಹೆಸರಿನಲ್ಲಲ್ಲ. ನಮಗೆ ಬೇಕಾದದ್ದು ಅಂಗಡಿಯ ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ಸಹಿ ಮಾಡುವವರ ಗುರುತಿನ ಚೀಟಿ, ಅಂಗಡಿಯ ಲೆಟರ್‌ಹೆಡ್ ಮೇಲೆ ಮೊಹರು ಹಾಕಿದ ಅಧಿಕಾರ ಪತ್ರ. ನಾವು ಆರಿಸಿದ ಕಡೆ ಶುಲ್ಕ ಐದು ಸಾವಿರ ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. ಮೊದಲ ಅರ್ಜಿ ತಿರಸ್ಕೃತವಾಗಿ ಬಂತು. ಪ್ಯಾನ್‌ನಲ್ಲಿ ಸಾಹುಕಾರರ ಹೆಸರು, ಜಿಎಸ್‌ಟಿಯಲ್ಲಿ ಅಂಗಡಿಯ ಹೆಸರು, ಅಧಿಕಾರ ಪತ್ರದಲ್ಲಿ ಎರಡನ್ನೂ ಜೋಡಿಸುವ ಸಾಲು ಇರಲಿಲ್ಲ ಎಂಬುದು ಕಾರಣ. ಆದರೆ ತಿರಸ್ಕಾರದ ಸಂದೇಶದಲ್ಲಿ ‘ದಾಖಲೆ ಸರಿಯಿಲ್ಲ’ ಎಂದಷ್ಟೇ ಇತ್ತು, ಯಾವುದು ಎಂದು ತಿಳಿಯಲು ಸಹಾಯವಾಣಿಯ ಹಿಂದೆ ಬೀಳಬೇಕಾಯಿತು. ಸಾಹುಕಾರರು, “ಬ್ಯಾಂಕ್ ಸಾಲಕ್ಕೂ ಇಷ್ಟು ಕಾಗದ ಕೇಳಿರಲಿಲ್ಲವಲ್ಲ ತಮ್ಮಾ,” ಎಂದಾಗ ನನಗೆ ನಿಜಕ್ಕೂ ಸಂಕಟವಾಯಿತು. ಅವರ ತಾಳ್ಮೆಯನ್ನು ನಾನು ಖರ್ಚು ಮಾಡುತ್ತಿದ್ದೆ.

ನೋಂದಣಿಯಾದ ಮೇಲೆ ಸಂದೇಶ ಕಳುಹಿಸಿದವರ ಹೆಸರಾಗಿ ಕಾಣುವ ಆರಕ್ಷರದ ಹೆಡರ್‌ಗೆ ಅನುಮತಿ, ಆಮೇಲೆ ಸಂದೇಶದ ಮಾದರಿಗೆ ಅನುಮತಿ. ಮಾದರಿಯಲ್ಲಿ ಬದಲಾಗುವ ಜಾಗವನ್ನು ಅವರು ಹೇಳಿದ ಗುರುತಿನಲ್ಲೇ ತೋರಿಸಬೇಕು. ಕಳುಹಿಸುವ ಸಂದೇಶ ಮಾದರಿಗಿಂತ ಒಂದು ಚುಕ್ಕೆ ಬೇರೆಯಾದರೂ ತಲುಪುವುದಿಲ್ಲ. ಕನ್ನಡದಲ್ಲಿ ಕಳುಹಿಸುವವರು ಇನ್ನೊಂದನ್ನು ತಿಳಿದಿರಬೇಕು. ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರಗಳ ಜಾಗವಿದ್ದರೆ ಯೂನಿಕೋಡ್‌ಗೆ 70 ಮಾತ್ರ, ಅದರಲ್ಲೂ ಗುಣಿತದ ಚಿಹ್ನೆ, ಒತ್ತಕ್ಷರದ ತುಂಡು ಪ್ರತಿಯೊಂದೂ ಬೇರೆಯಾಗಿ ಎಣಿಕೆಗೆ ಬರುತ್ತದೆ. ನಾನು ಬರೆದ ಮರ್ಯಾದೆಯ ವಾಕ್ಯ ಎರಡು ಎಸ್‌ಎಂಎಸ್ ಆಯಿತು, ಖರ್ಚೂ ಎರಡರಷ್ಟು. ಮೊಟಕುಗೊಳಿಸಿ ಮತ್ತೆ ಅನುಮತಿಗೆ ಹಾಕಿದೆ. ಇಂಗ್ಲಿಷಿಗೆ ಬದಲಿಸಿದರೆ ಅಗ್ಗ ಎಂದು ಹಲವರು ಹೇಳಿದರು. ಜಗಳೂರಿನ ಕಡೆಯಿಂದ ಜೋಳ ತರುವ ಹಿರಿಯರು ತಮ್ಮ ಹಣದ ವಿಷಯದ ಸಂದೇಶವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕೇ? ಕನ್ನಡವೇ ಉಳಿಯಿತು.

ನೀವು ಇಂಥ ಕೆಲಸ ಒಪ್ಪಿಕೊಂಡ ದಿನವೇ ಡಿಎಲ್‌ಟಿ ಅರ್ಜಿ ಹಾಕಿ. ಬ್ಯಾಕೆಂಡ್ ಆರಿಸುವುದಕ್ಕಿಂತ ಮೊದಲೇ.

ಸಿಗ್ನಲ್ ಇಲ್ಲದ ಕಣ

ಮೇಲೆ ಹೇಳಿದ ಫೈರ್‌ಬೇಸ್‌ನ ಗುಣ ಇದು: ಅದರ ಫೈರ್‌ಸ್ಟೋರ್ ಮೊಬೈಲಿನಲ್ಲಿ ನೆಟ್‌ವರ್ಕ್ ಇಲ್ಲದಾಗಲೂ ಬರೆಯಲು ಬಿಡುತ್ತದೆ, ಸಿಗ್ನಲ್ ಬಂದಾಗ ತಾನೇ ಕಳುಹಿಸುತ್ತದೆ. ಸುಪಾಬೇಸ್‌ನಲ್ಲಾಗಲಿ ಪಾಕೆಟ್‌ಬೇಸ್‌ನಲ್ಲಾಗಲಿ ಇದು ಒಳಗೇ ಬರುವುದಿಲ್ಲ. ಮಾರುಕಟ್ಟೆಯೊಳಗೆ ಸಿಗ್ನಲ್‌ಗೆ ಕೊರತೆಯಿಲ್ಲ, ಆದರೆ ಅಂಗಡಿಯವರು ಕೆಲವು ಹಳ್ಳಿಗಳಲ್ಲಿ ಕಣದಲ್ಲೇ ತೂಕ ಮಾಡುತ್ತಾರೆ. ಅಲ್ಲಿ ಚಕ್ರ ಸುತ್ತುತ್ತಾ ನಿಂತರೆ ಗುಮಾಸ್ತರು ಮರುದಿನದಿಂದ ಮತ್ತೆ ಪೆನ್ನು ಹಿಡಿಯುತ್ತಾರೆ.

ಹಾಗಾಗಿ ಫೋನಿನೊಳಗೆ ಎಸ್‌ಕ್ಯೂಲೈಟ್ ಇಟ್ಟು, ಚೀಟಿ ಮೊದಲು ಅಲ್ಲಿಗೆ ಹೋಗಿ, ಆಮೇಲೆ ಸರತಿಯಲ್ಲಿ ಸರ್ವರ್‌ಗೆ ಹೋಗುವಂತೆ ಬರೆದೆ. ಚೀಟಿಯ ಗುರುತಿನ ಸಂಖ್ಯೆಯನ್ನು ಸರ್ವರ್ ಕೊಡುವುದಲ್ಲ, ಫೋನೇ ಹುಟ್ಟಿಸಬೇಕು. ಆಗ ಒಂದೇ ಚೀಟಿ ಎರಡು ಸಲ ಹೋದರೂ ಎರಡು ಸಾಲಾಗುವುದಿಲ್ಲ. ಆದರೆ ಅದನ್ನು ಬರೆದು ಪರೀಕ್ಷಿಸಲು ಇಡೀ ಆ್ಯಪ್‌ನ ಬೇರೆಲ್ಲ ಭಾಗಕ್ಕಿಂತ ಹೆಚ್ಚು ಶ್ರಮವಾಯಿತು. ಪವರ್‌ಸಿಂಕ್‌ನಂಥ ಸಿದ್ಧ ಸಾಧನಗಳೂ ಇವೆ. ನೀವು ಹೊಲದಲ್ಲಿ, ತೋಟದಲ್ಲಿ ಬಳಸುವ ಆ್ಯಪ್ ಬರೆಯುವವರಾದರೆ ಈ ಖರ್ಚನ್ನು ಗಿರಾಕಿಗೆ ಮೊದಲೇ ಹೇಳಿ, ದರದಲ್ಲಿ ಸೇರಿಸಿ. ಇನ್ನು ಆಂಡ್ರಾಯ್ಡ್ ಫೋನಿಗೆ ನೋಟಿಫಿಕೇಶನ್ ತಳ್ಳಲು ಯಾವ ಬ್ಯಾಕೆಂಡ್ ಆದರೂ ಸಾಮಾನ್ಯವಾಗಿ ಗೂಗಲ್‌ನ ಎಫ್‌ಸಿಎಂ ಸೇವೆಯನ್ನೇ ಬಳಸಬೇಕು. ಅದಕ್ಕೆ ಶುಲ್ಕವಿಲ್ಲ.

ಹಣ ಮತ್ತು ಹಸ್ತಾಂತರ

ಕೊನೆಗೆ ಸುಪಾಬೇಸ್‌ನ ಮುಂಬೈ ಸರ್ವರ್, ತಿಂಗಳಿಗೆ 25 ಡಾಲರ್‌ನ ಯೋಜನೆ. ಸ್ವಂತವಾಗಿ ಡಾಕರ್‌ನಲ್ಲಿ ನಡೆಸಿದರೆ ಅಗ್ಗವಾಗುತ್ತಿತ್ತು. ಆದರೆ ಸುಗ್ಗಿಯ ನಡುರಾತ್ರಿ ಡಿಸ್ಕ್ ತುಂಬಿದರೆ ಎದ್ದು ನೋಡುವವನು ನಾನೊಬ್ಬನೇ. ತಿಂಗಳಿಗೆ ಎರಡು ಸಾವಿರ ದಾಟುವ ಈ ಹಣವನ್ನು ಅಂಗಡಿಯವರು ಕೊಡಲು ಒಪ್ಪಿದ್ದು ಅವರ ಕಂಪ್ಯೂಟರ್‌ನಲ್ಲಿ ಲೆಕ್ಕ ಮತ್ತೆ ಎದ್ದದ್ದನ್ನು ಕಣ್ಣಾರೆ ಕಂಡ ಮೇಲೆ. ಈಗ ಪ್ರತಿ ರಾತ್ರಿ ಇಡೀ ಡೇಟಾಬೇಸಿನ ಪ್ರತಿ ಅದೇ ಕಂಪ್ಯೂಟರ್‌ಗೆ ಇಳಿಯುತ್ತದೆ. ವಾರಕ್ಕೊಮ್ಮೆ ಅದನ್ನು ತಾನಾಗಿ ಏರಿಸಿ, ಒಟ್ಟು ಬಾಕಿ ಸರಿಹೊಂದುತ್ತದೆಯೇ ಎಂದು ನೋಡುವ ಒಂದು ಸಣ್ಣ ಸ್ಕ್ರಿಪ್ಟ್ ಕೂಡ ಇದೆ.

ಡಾಲರ್ ಕಟ್ಟುವಾಗ ಕಾರ್ಡ್ ಮೊದಲು ಒಪ್ಪಲಿಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ಮಿತಿ ಹಾಕಿಕೊಳ್ಳಬೇಕು. ಪ್ರತಿ ತಿಂಗಳು ತಾನಾಗಿ ಕಡಿತವಾಗುವುದು ನಮ್ಮ ಕೆಲವು ಕಾರ್ಡುಗಳಲ್ಲಿ ನಡೆಯುವುದಿಲ್ಲ, ಆದ್ದರಿಂದ ಬಿಲ್ಲಿನ ದಿನಾಂಕವನ್ನು ಗುಮಾಸ್ತರ ಕ್ಯಾಲೆಂಡರಿನಲ್ಲೂ ಬರೆಸಿದ್ದೇನೆ. ಬ್ಯಾಂಕು ಹಾಕುವ ವಿನಿಮಯ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.

ರೈತರ ಫೋನ್ ಸಂಖ್ಯೆ, ಬ್ಯಾಂಕ್ ಖಾತೆ ಇಟ್ಟುಕೊಳ್ಳುವುದರಿಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ಓದಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು ಎನ್ನುತ್ತದೆ ಅದು. ಆ್ಯಪ್ ತೆರೆದ ಕೂಡಲೇ ಏನನ್ನು ಯಾಕೆ ಇಟ್ಟುಕೊಳ್ಳುತ್ತೇವೆ ಎಂಬ ನಾಲ್ಕು ಸಾಲು ಕನ್ನಡದಲ್ಲಿ ಬರುತ್ತದೆ.

ಹಸ್ತಾಂತರದ ದಿನ ಡೊಮೇನ್, ಸುಪಾಬೇಸ್ ಖಾತೆ, ಎಸ್‌ಎಂಎಸ್ ಖಾತೆ, ಡಿಎಲ್‌ಟಿ ಲಾಗಿನ್ ಎಲ್ಲವೂ ಅಂಗಡಿಯ ಇಮೇಲ್ ಮತ್ತು ಅಂಗಡಿಯ ಫೋನ್ ಸಂಖ್ಯೆಯ ಮೇಲೆಯೇ ಇದ್ದವು. ನನ್ನದು ಅದರಲ್ಲಿ ಒಬ್ಬ ಸದಸ್ಯನ ಸ್ಥಾನ, ಬೇಕೆಂದಾಗ ತೆಗೆದುಹಾಕಬಹುದು. ಮರುಸ್ಥಾಪನೆಯ ಹಂತಗಳನ್ನು ಕನ್ನಡದಲ್ಲಿ ಬರೆದು ಮುದ್ರಿಸಿ ಕೊಟ್ಟೆ. ಸಾಹುಕಾರರ ಮಗಳು ಇಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಾರೆ. ಆ ಹಾಳೆಯನ್ನು ನೋಡಿಕೊಂಡು, ನನ್ನನ್ನು ಏನೂ ಕೇಳದೆ, ಲೆಕ್ಕವನ್ನು ಹಳೆಯ ಕಂಪ್ಯೂಟರ್‌ಗೆ ಅವರೇ ಏರಿಸಿದರು. ಒಂದು ಹಂತದಲ್ಲಿ ಪಾಸ್‌ವರ್ಡ್ ಎಲ್ಲಿದೆ ಎಂದು ಹಾಳೆಯಲ್ಲಿ ಬರೆದಿಲ್ಲ ಎಂದು ಅವರು ಗುರುತಿಸಿದರು. ಅದನ್ನು ಸೇರಿಸಿ ಹೊಸ ಪ್ರತಿ ಮುದ್ರಿಸಿ ಕೊಟ್ಟಿದ್ದೇನೆ.